ಕಲ್ಲು ಹೇಳಿತು, ತೊಗಲು ಎದುರು ಮಾತಾಡಿತು

ಮಸ್ಕಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶಾಲೆಯ ಇತಿಹಾಸದ ಪಾಠ. ರಾಯಚೂರು ಜಿಲ್ಲೆಯ ಈ ಊರಿನ ಪಕ್ಕದ ಗುಡ್ಡದಲ್ಲಿ, ಬಂಡೆಯ ಮೇಲೆ ಕೊರೆದ ಬರಹವನ್ನು 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಕಂಡರು. ಆಗ ಮಸ್ಕಿ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದಾಗ, ಬೇರೆ ಬೇರೆ ಶಾಸನಗಳಲ್ಲಿ ಬರುತ್ತಿದ್ದ 'ದೇವಾನಾಂಪ್ರಿಯ' ಎಂಬ ರಾಜ ಅಶೋಕನೇ ಎಂಬುದು ಖಚಿತವಾಯಿತು. ಮಸ್ಕಿಯ ಹೆಸರು ಜಗತ್ತಿನ ಇತಿಹಾಸದ ಪುಸ್ತಕಗಳಿಗೆ ಸೇರಿದ್ದು ಹೀಗೆ.

ಆ ಶಾಸನದಲ್ಲಿ ಏನಿದೆ ಎಂಬುದು ಮಾತ್ರ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಸಣ್ಣವರಿಗೂ ದೊಡ್ಡವರಿಗೂ ಧರ್ಮದ ಮಾತನ್ನು ತಿಳಿಸಬೇಕು ಎಂಬುದು ಅದರ ಸಾರ. ಇದೇ ಬಗೆಯ ಶಾಸನಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿವೆ. 1892ರಲ್ಲಿ ಬಿ.ಎಲ್. ರೈಸ್ ಅವರಿಗೆ ದೊರೆತ ಆ ಬರಹಗಳಲ್ಲಿ ಮಾತು ನೇರವಾಗಿ ಮನೆಯೊಳಗೇ ಬರುತ್ತದೆ. ತಂದೆತಾಯಿಯ ಮಾತು ಕೇಳಬೇಕು, ಹಿರಿಯರಿಗೆ ತಲೆಬಾಗಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ಸರಿಯಾಗಿ ನಡೆದುಕೊಳ್ಳಬೇಕು ಎಂದು ಅಪ್ಪಣೆಯಾಗುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಕಲ್ಲುಗಳೇ ನಮ್ಮ ನಾಡಿನಲ್ಲಿ ಕುಟುಂಬದ ನಡತೆಯ ಬಗ್ಗೆ ಸಿಗುವ ಅತಿ ಹಳೆಯ ಲಿಖಿತ ಸೂಚನೆ ಎನ್ನಬಹುದು.

ತುಂಗಭದ್ರೆಯ ಆಚೆ, ಕರ್ನೂಲು ಸೀಮೆಯ ಎರ್ರಗುಡಿಯ ಶಾಸನದಲ್ಲಿ ಇನ್ನೊಂದು ವಿವರವಿದೆ. ರಾಜನ ಮಾತನ್ನು ರಜ್ಜುಕನೆಂಬ ಅಧಿಕಾರಿಗೆ ತಿಳಿಸಬೇಕು, ಅವನು ಅದನ್ನು ಭೇರಿ ಬಾರಿಸಿ ಜನರಿಗೆ ಸಾರಬೇಕು. ಪ್ರಾಕೃತ ಭಾಷೆಯಲ್ಲಿ ಕೊರೆದ ಮಾತನ್ನು ಊರಿನವರ ನುಡಿಯಲ್ಲಿ ಯಾರೋ ಬಿಡಿಸಿ ಹೇಳಿರಲೇಬೇಕು. ಅಂತೂ ಮಾತು ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ರಾಜನಿಂದ ಅಧಿಕಾರಿಗೆ, ಅಧಿಕಾರಿಯಿಂದ ಊರಿಗೆ, ಊರಿನ ಹಿರಿಯರಿಂದ ಮನೆಗೆ, ಮನೆಯ ಯಜಮಾನನಿಂದ ಹೆಂಡತಿ ಮಕ್ಕಳಿಗೆ.

ಕೇಳಿಸಿಕೊಂಡವರು ಏನೆಂದರು? ಅದನ್ನು ಯಾವ ಕಲ್ಲೂ ಹೇಳುವುದಿಲ್ಲ. ಮನೆಯೊಳಗಿನ ಎದುರು ಮಾತನ್ನು ಯಾರೂ ಬಂಡೆಯ ಮೇಲೆ ಕೊರೆಸುವುದಿಲ್ಲ. ಆದರೆ ಇದೇ ಸೀಮೆಯಲ್ಲಿ, ಎಷ್ಟೋ ಕಾಲದ ನಂತರ, ಆ ಎದುರು ಮಾತಿಗೂ ಒಂದು ಜಾಗ ಸಿಕ್ಕಿತು. ಅದು ದೀಪದ ಮುಂದೆ ಕಟ್ಟಿದ ಬಿಳಿಯ ಬಟ್ಟೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಕಡೆ ಊರೂರು ತಿರುಗಿದ ತೊಗಲು ಗೊಂಬೆಯಾಟದಲ್ಲಿ ಒಂದು ಜಗಳಗಂಟ ಸಂಸಾರವಿದೆ. ಗಂಡ ಕಿಳ್ಳೇಕ್ಯಾತ, ಹೆಂಡತಿ ಬಂಗಾರಕ್ಕ.

ಇಂದು ಮಕ್ಕಳು ಟಿ.ವಿ.ಯಲ್ಲಿ ನೋಡುವ ವ್ಯಂಗ್ಯಚಿತ್ರ ಧಾರಾವಾಹಿಗಳಲ್ಲಿ ಇಂಥ ಸಂಸಾರಗಳು ಹಲವು. ದಡ್ಡ ಅಪ್ಪ, ಸಹಿಸಿಕೊಳ್ಳುವ ಅಮ್ಮ, ತಲೆಹರಟೆ ಮಗ, ಜಾಣೆ ಮಗಳು. ಅಮೆರಿಕದ 'ದಿ ಸಿಂಪ್ಸನ್ಸ್' ಈ ಬಗೆಯ ಅತಿ ಪ್ರಸಿದ್ಧ ಮಾದರಿ. ಬೆಳಕಿನ ಪರದೆಯ ಮೇಲೆ ಬಣ್ಣದ ಚಿತ್ರಗಳು ಸಂಸಾರ ಮಾಡುವುದು, ಜಗಳವಾಡುವುದು, ನೋಡುವವರನ್ನು ನಗಿಸುವುದು ಪಶ್ಚಿಮದಿಂದ ಬಂದ ಹೊಸತು ಎಂದು ನಾವು ಭಾವಿಸುತ್ತೇವೆ. ನಮ್ಮ ಅಜ್ಜ ಅಜ್ಜಿಯರು ಅದನ್ನು ಊರ ಬಯಲಿನಲ್ಲಿ ಕಂಬಳಿ ಹೊದ್ದು ಕೂತು ನೋಡಿದ್ದರು.

ಪರದೆಯ ಮೇಲಿನ ಅಂತಸ್ತು

ಗೊಂಬೆಯಾಟದ ಸಂಸಾರವನ್ನು ಅರ್ಥ ಮಾಡಿಕೊಳ್ಳಲು ಗೊಂಬೆಗಳ ರಚನೆಯನ್ನು ಸ್ವಲ್ಪ ತಿಳಿಯಬೇಕು. ಮೇಕೆಯ (ಹಿಂದೆ ಜಿಂಕೆಯ) ತೊಗಲನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಅದರ ಮೇಲೆ ಚಿತ್ರ ಬರೆದು ಕತ್ತರಿಸುತ್ತಾರೆ. ಒಡವೆ, ಸೀರೆಯ ಅಂಚು, ಕಿರೀಟದ ಕೆಲಸ ಕಾಣುವಂತೆ ಸಣ್ಣ ಸಣ್ಣ ತೂತು ಕೊರೆದು ಬಣ್ಣ ತುಂಬುತ್ತಾರೆ. ಪರದೆಯ ಹಿಂದೆ ದೀಪವಿಟ್ಟಾಗ ಬರಿಯ ಕಪ್ಪು ನೆರಳು ಬೀಳುವುದಿಲ್ಲ, ಬಣ್ಣದ ಆಕೃತಿಯೇ ಮೂಡುತ್ತದೆ. ಹಿಂದೆ ಎಣ್ಣೆಯ ದೀಪವಿತ್ತು, ನಂತರ ವಿದ್ಯುತ್ ಬಲ್ಬು ಬಂತು.

ಗೊಂಬೆಗಳ ಗಾತ್ರ ಒಂದೇ ತೆರನಾಗಿಲ್ಲ. ದೇವರು ಮತ್ತು ಅರಸರ ಗೊಂಬೆಗಳು ದೊಡ್ಡವು, ಆಳುಕಾಳು ಮತ್ತು ಸಾಮಾನ್ಯರ ಗೊಂಬೆಗಳು ಚಿಕ್ಕವು. ಯಾರು ಎಷ್ಟು ದೊಡ್ಡವರು ಎಂಬುದು ಮಾತು ಆರಂಭವಾಗುವ ಮೊದಲೇ ಕಣ್ಣಿಗೆ ಕಾಣುತ್ತದೆ. ಉತ್ತರ ಕರ್ನಾಟಕದ ಹಳೆಯ ಗೊಂಬೆಗಳಲ್ಲಿ ಒಂದು ಇಡೀ ದೃಶ್ಯವನ್ನೇ, ಸಿಂಹಾಸನ ಪರಿವಾರ ಸಮೇತ, ಒಂದೇ ತೊಗಲಿನಲ್ಲಿ ಬರೆದಿರುವುದೂ ಉಂಟು. ಅಂಥ ಗೊಂಬೆ ಹೆಚ್ಚು ಅಲುಗಾಡುವುದಿಲ್ಲ, ಗಂಭೀರವಾಗಿ ನಿಂತಿರುತ್ತದೆ.

ಕಿಳ್ಳೇಕ್ಯಾತ ಇದಕ್ಕೆ ತದ್ವಿರುದ್ಧ. ಕಪ್ಪು ಮೈ, ಮುಂದೆ ಬಂದ ಹೊಟ್ಟೆ, ಅಂದಗೇಡಿ ಮುಖ. ಕೈಕಾಲು ಕೀಲುಗಳಲ್ಲಿ ಸಡಿಲವಾಗಿ ಆಡುತ್ತವೆ. ಅವನು ಕುಣಿಯುತ್ತಾನೆ, ಬೀಳುತ್ತಾನೆ, ಹೊಡೆಯುತ್ತಾನೆ, ಹೊಡೆಸಿಕೊಳ್ಳುತ್ತಾನೆ. ಬಂಗಾರಕ್ಕನೂ ಅವನಿಗೆ ತಕ್ಕ ಜೋಡಿ. ಅಧಿಕಾರ ಉಳ್ಳವರು ಅಲುಗಾಡದೆ ನಿಲ್ಲುತ್ತಾರೆ, ಅಧಿಕಾರ ಇಲ್ಲದವರು ಇಡೀ ರಾತ್ರಿ ಓಡಾಡುತ್ತಾರೆ. ಹೊಲಮನೆಗಳಲ್ಲಿ ದುಡಿದು ಬಂದು ಕೂತ ಪ್ರೇಕ್ಷಕರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಆಟ ಗಣಪತಿ ಸ್ತುತಿಯಿಂದ ಶುರುವಾಗುತ್ತದೆ. ಅದರ ಬೆನ್ನಿಗೇ ಈ ಜೋಡಿ ಪರದೆಗೆ ಬರುತ್ತದೆ. ಆಮೇಲೆ ರಾಮಾಯಣವೋ ಮಹಾಭಾರತವೋ ನಡೆಯುತ್ತದೆ. ಮಳೆ ಹಿಂದಾದಾಗ ಆಟ ಆಡಿಸಿದರೆ ಮಳೆ ಬರುತ್ತದೆಂಬ ನಂಬಿಕೆ ಈ ಭಾಗದಲ್ಲಿ ಬಲವಾಗಿತ್ತು, ಆದ್ದರಿಂದ ಊರೇ ಸೇರಿ ಮೇಳವನ್ನು ಕರೆಸುವುದು ವಾಡಿಕೆ. ಕಥೆಯ ನಡುನಡುವೆ, ಗಂಭೀರ ದೃಶ್ಯ ಮುಗಿದಾಗಲೆಲ್ಲ, ಕಿಳ್ಳೇಕ್ಯಾತ ಬಂಗಾರಕ್ಕ ಮತ್ತೆ ನುಗ್ಗುತ್ತಾರೆ. ಪುರಾಣದ ಹಾಡು ಮತ್ತು ಗ್ರಾಂಥಿಕ ಮಾತನ್ನು ಊರ ಭಾಷೆಗೆ ಇಳಿಸಿ ಹೇಳುವವರೂ ಇವರೇ, ಊರಿನ ಸುದ್ದಿಯನ್ನು ಪುರಾಣಕ್ಕೆ ಸೇರಿಸುವವರೂ ಇವರೇ.

ಬಂಗಾರಕ್ಕನ ಸಂಸಾರ ಕರ್ನಾಟಕಕ್ಕಷ್ಟೇ ಸೀಮಿತವಲ್ಲ. ತೆಲುಗು ನಾಡಿನ ತೋಲುಬೊಮ್ಮಲಾಟದಲ್ಲಿ ಅವಳು ಅದೇ ಹೆಸರಿನಲ್ಲಿ ಇದ್ದಾಳೆ. ಅಲ್ಲಿ ಜುಟ್ಟುಪೋಲಿಗಾಡು ಮತ್ತು ಕೇತಿಗಾಡು ಎಂಬ ಇಬ್ಬರು ಗಂಡಸರು ಅವಳ ಸುತ್ತ ಸೇರಿ ಜಗಳ ತ್ರಿಕೋನವಾಗುತ್ತದೆ. ನದಿ ದಾಟಿದರೆ ಗಂಡ ಬದಲಾಗಬಹುದು, ಬಂಗಾರಕ್ಕನ ಬಾಯಿ ಬದಲಾಗುವುದಿಲ್ಲ.

ಜಗಳದ ವ್ಯಾಕರಣ

ಈ ದಂಪತಿಯ ಮಾತಿಗೆ ಒಂದು ಕ್ರಮವಿದೆ. ಗಂಡ ದೊಡ್ಡ ಮಾತಿನಿಂದ ಶುರು ಮಾಡುತ್ತಾನೆ, ಹೆಂಡತಿ ಸಣ್ಣ ಮಾತಿನಿಂದ ಮುಗಿಸುತ್ತಾಳೆ. ಅವನ ಮಾತಿನಲ್ಲಿ ರಾಜ್ಯ, ಯುದ್ಧ, ಪೌರುಷ. ಅವಳ ಮಾತಿನಲ್ಲಿ ಒಲೆ, ಹಿಟ್ಟು, ಸಾಲ. ಯಾವ ಮೇಳದ ಮಾತೂ ಇದಲ್ಲ, ಚೌಕಟ್ಟು ತಿಳಿಯಲೆಂದು ಮಾದರಿಗಾಗಿ ಹೀಗೆ ಬರೆಯಬಹುದು:

"ಏನಲೇ ಬಂಗಾರಿ, ಈ ಸೀಮ್ಯಾಗ ನನ್ನಂಥ ಶೂರ ಯಾರರ ಅದಾರನು?"

"ಅದಾನಲ್ಲ, ನಮ್ಮ ಮನಿ ಹುಂಜ. ಅದು ನಸಿಕಿನ್ಯಾಗ ಎದ್ದು ಕೂಗತೈತಿ. ನೀನು ಹೊತ್ತು ನೆತ್ತಿಗೆ ಬಂದ ಮ್ಯಾಲೆ ಏಳತಿ."

ಇಲ್ಲಿ ಹೆಂಡತಿ ಗಂಡನನ್ನು ಅಲ್ಲಗಳೆಯುವುದಿಲ್ಲ. ಅವನ ಪ್ರಶ್ನೆಗೆ ನೇರವಾಗಿಯೇ ಉತ್ತರ ಕೊಡುತ್ತಾಳೆ. ಆದರೆ ಪ್ರಶ್ನೆಯನ್ನು ರಣರಂಗದಿಂದ ಎತ್ತಿ ಕೋಳಿಗೂಡಿನ ಮುಂದೆ ಇಡುತ್ತಾಳೆ. ಮನೆಯಲ್ಲಿ ದನಿ ಎತ್ತಲಾಗದವರು ಮಾತನಾಡುವ ಕ್ರಮ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ. ಕೇಳದಂತೆ ನಟಿಸುವುದು, ಒಂದು ಪದವನ್ನು ಬೇಕೆಂದೇ ಬೇರೆ ಅರ್ಥದಲ್ಲಿ ಹಿಡಿಯುವುದು, ಗಂಡನಿಗೆ ಹೇಳಬೇಕಾದ್ದನ್ನು ಎಮ್ಮೆಗೋ ಬೆಕ್ಕಿಗೋ ಹೇಳುವುದು, ಬೈಗುಳದಲ್ಲೇ ಅಕ್ಕರೆ ಇಡುವುದು. ಇವೆಲ್ಲ ನಮ್ಮ ಹಳ್ಳಿಯ ಮನೆಗಳ ದಿನಬಳಕೆಯ ಸಂಭಾಷಣೆ. ಗೊಂಬೆಯಾಟದವರು ಅವನ್ನೇ ಎತ್ತಿಕೊಂಡು ಪರದೆಗೆ ಹಾಕಿದರು.

ಪರದೆಯ ಮೇಲಿನ ಮುಖ್ಯ ಕಥೆಗಳ ಜೊತೆ ಇದನ್ನಿಟ್ಟು ನೋಡಬೇಕು. ರಾಮಾಯಣದಲ್ಲಿ ತಂದೆ ಕೊಟ್ಟ ಮಾತಿಗಾಗಿ ಮಗ ಕಾಡಿಗೆ ಹೋಗುತ್ತಾನೆ. ಮಹಾಭಾರತದಲ್ಲಿ ಗಂಡ ಹೆಂಡತಿಯನ್ನು ಜೂಜಿಗೆ ಒಡ್ಡುತ್ತಾನೆ. ಬ್ರಹ್ಮಗಿರಿಯ ಕಲ್ಲಿನಲ್ಲಿರುವ ವಿಧೇಯತೆಯ ಪಾಠ ಇಲ್ಲಿ ಕಥೆಯ ರೂಪದಲ್ಲಿ ಬರುತ್ತದೆ. ಆ ಕಥೆ ನಡೆಯುವ ಪರದೆಯ ಮೇಲೆಯೇ, ಅದೇ ದೀಪದ ಬೆಳಕಿನಲ್ಲಿ, ಗಂಡನ ಮಾತಿಗೆ ತಲೆಬಾಗದ ಒಬ್ಬ ಹೆಂಡತಿ ಬಂದು ಹೋಗುತ್ತಾಳೆ. ಯಾರೂ ಅವಳನ್ನು ಪರದೆಯಿಂದ ಹೊರಗೆ ಹಾಕುವುದಿಲ್ಲ. ಅವಳು ಬರದಿದ್ದರೆ ಆಟ ಸಪ್ಪೆ ಎಂದು ಊರಿನವರೇ ಹೇಳುತ್ತಾರೆ.

ಇದನ್ನು ಬಂಡಾಯ ಎಂದು ಉಬ್ಬಿಸಿ ಹೇಳುವ ಅಗತ್ಯವಿಲ್ಲ. ಬಂಗಾರಕ್ಕ ಗೆದ್ದರೂ ಸಂಸಾರ ಬದಲಾಗುವುದಿಲ್ಲ, ಬೆಳಗಾದರೆ ಒಲೆ ಹಚ್ಚುವವಳು ಅವಳೇ. ಆಟದ ಹಾಸ್ಯದಲ್ಲಿ ಅಶ್ಲೀಲವೂ ಧಾರಾಳ, ಅದರ ಗುರಿ ಅನೇಕ ಸಲ ಹೆಣ್ಣೇ. ಆದರೂ ಗಂಡ ಹೆಂಡತಿ ಅಕ್ಕಪಕ್ಕ ಕೂತು ಅವಳ ಮಾತಿಗೆ ಒಟ್ಟಿಗೆ ನಕ್ಕಿದ್ದಾರೆ. ಮನೆಯಲ್ಲಿ ಆಡಿದ್ದರೆ ಹೊಡೆತ ಬೀಳಬಹುದಾಗಿದ್ದ ಮಾತು ಬಯಲಿನಲ್ಲಿ ನಗೆಯಾಯಿತು ಎಂಬುದು ಸಣ್ಣ ಸಂಗತಿಯಲ್ಲ.

ಪರದೆಯ ಹಿಂದಿನ ಮನೆ

ಈ ಸಂಸಾರದ ನಿಜವಾದ ವಿಶೇಷ ಪರದೆಯ ಹಿಂಭಾಗದಲ್ಲಿದೆ. ತೊಗಲು ಗೊಂಬೆಯ ಮೇಳ ಎಂದರೆ ಸಾಮಾನ್ಯವಾಗಿ ಒಂದು ಕುಟುಂಬ. ಮನೆಯ ಯಜಮಾನ ಗೊಂಬೆ ಆಡಿಸುತ್ತಾ ಕಥೆ ನಡೆಸುತ್ತಾನೆ. ಹೆಣ್ಣು ಪಾತ್ರಗಳ ಹಾಡು ಮತ್ತು ಮಾತು ಮನೆಯ ಹೆಂಗಸರದು. ಒಬ್ಬರು ಹಾರ್ಮೋನಿಯಂ, ಇನ್ನೊಬ್ಬರು ಮದ್ದಳೆ, ಮತ್ತೊಬ್ಬರು ತಾಳ. ಮಕ್ಕಳು ಮುಂದಿನ ದೃಶ್ಯದ ಗೊಂಬೆಗಳನ್ನು ಸರದಿಯಂತೆ ಎತ್ತಿ ಕೊಡುತ್ತಾರೆ. ಯುದ್ಧದ ದೃಶ್ಯ ಬಂದಾಗ ಹಲಗೆಯನ್ನು ಕಾಲಿನಿಂದ ತುಳಿದು ಸದ್ದು ಮಾಡುತ್ತಾರೆ. ಕಲಿಕೆಗೆ ಬೇರೆ ಶಾಲೆಯಿಲ್ಲ. ರಾತ್ರಿಯಿಡೀ ಹಿರಿಯರ ಪಕ್ಕ ಕೂತು, ಕೇಳಿ, ನಿದ್ದೆಗಣ್ಣಿನಲ್ಲೇ ಮಹಾಭಾರತ ಬಾಯಿಪಾಠವಾಗುತ್ತದೆ.

ಹಾಗಾಗಿ ಪರದೆಯ ಮೇಲೆ ಜಗಳವಾಡುವ ಗಂಡ ಹೆಂಡತಿಗೆ ದನಿ ಕೊಡುವವರು ಅನೇಕ ಮೇಳಗಳಲ್ಲಿ ನಿಜವಾಗಿಯೂ ಗಂಡ ಹೆಂಡತಿಯೇ, ಇಲ್ಲವೇ ಅತ್ತೆ ಸೊಸೆ, ಅಣ್ಣ ತಂಗಿ. ಇದೇ ಸೀಮೆಯ ದೊಡ್ಡಾಟದಲ್ಲಿ ಹೆಣ್ಣಿನ ಪಾತ್ರವನ್ನು ಸಾಂಪ್ರದಾಯಿಕವಾಗಿ ಗಂಡಸರೇ ಮಾಡುತ್ತಿದ್ದರು. ಹೆಣ್ಣು ರಂಗಕ್ಕೆ ಬರುವುದು ಮರ್ಯಾದೆಯ ಪ್ರಶ್ನೆಯಾಗಿದ್ದ ಕಾಲದಲ್ಲಿ, ಗೊಂಬೆಯಾಟದ ಬಟ್ಟೆಯ ಹಿಂದಿನಿಂದ ನಿಜವಾದ ಹೆಣ್ಣಿನ ದನಿ ಊರಿಗೆಲ್ಲ ಕೇಳುತ್ತಿತ್ತು. ಮುಖ ಕಾಣದ್ದರಿಂದಲೇ ಆ ದನಿಗೆ ಅಷ್ಟು ಸಲಿಗೆ.

ಈ ಕುಟುಂಬಗಳ ಮನೆಮಾತು ಮರಾಠಿಯ ಒಂದು ಬಗೆ. ಆಂಧ್ರ, ತಮಿಳುನಾಡುಗಳ ಗೊಂಬೆಯಾಟದ ಕುಟುಂಬಗಳಲ್ಲೂ ಮರಾಠಿಯೇ ಮನೆಮಾತಾಗಿ ಉಳಿದಿದೆ. ನಮ್ಮ ಕಡೆಯ ಮೇಳದವರು ಪರದೆಯ ಮುಂದಿನವರಿಗೆ ಕನ್ನಡದಲ್ಲಿ, ಗಡಿಯ ಊರುಗಳಲ್ಲಿ ತೆಲುಗಿನಲ್ಲಿ ಆಟ ನಡೆಸುತ್ತಾರೆ. ಅದೇ ಹೊತ್ತಿನಲ್ಲಿ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಅವರಿಗೆ ಬೇರೆಯದೇ ನುಡಿ ಇದೆ. ಕನ್ನಡದ ಮನೆಯ ಜಗಳವನ್ನು ಇಷ್ಟು ಚೆನ್ನಾಗಿ ಆಡಿ ತೋರಿಸಿದವರು ತಮ್ಮ ಮನೆಯಲ್ಲಿ ಕನ್ನಡ ಆಡದವರು ಎಂಬುದನ್ನು ಓದುಗರು ಗಮನಿಸಬೇಕು. ಊರಿಂದೂರಿಗೆ ಹೋಗುವವರಿಗೆ ಊರಿನವರ ಮಾತಿನ ಧಾಟಿ ಊರಿನವರಿಗಿಂತ ಚೆನ್ನಾಗಿ ಕೇಳಿಸುತ್ತದೆಯೇನೋ.

ಹಳ್ಳಿಗೆ ಬಂದ ಇನ್ನೊಂದು ಪರದೆ

ಬೆಳಕಿನ ಪರದೆಯ ವಿಷಯದಲ್ಲಿ ರಾಯಚೂರು ಜಿಲ್ಲೆಗೆ ಮತ್ತೊಂದು ಇತಿಹಾಸವೂ ಇದೆ. ಬೆಂಗಳೂರಿನ ಮನೆಗಳು ಟಿ.ವಿ. ಕಾಣುವ ಮೊದಲೇ ಇಲ್ಲಿನ ಹಳ್ಳಿಗಳು ಅದನ್ನು ಕಂಡಿದ್ದವು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ನಡೆದ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿತು. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಆಗ ಅದೂ ರಾಯಚೂರಿಗೇ ಸೇರಿತ್ತು.

ಆಯ್ದ ಹಳ್ಳಿಗೆ ಒಂದು ಟಿ.ವಿ. ಪೆಟ್ಟಿಗೆ. ಸಂಜೆಯಾದರೆ ಊರು ಅದರ ಮುಂದೆ ಸೇರುತ್ತಿತ್ತು. ಗೊಂಬೆಯಾಟಕ್ಕೆ ಕೂತ ಹಾಗೆಯೇ, ನೆಲದ ಮೇಲೆ, ಮಕ್ಕಳು ಮುಂದೆ, ದೊಡ್ಡವರು ಹಿಂದೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆಯ ಪಾಠಗಳು ಆಕಾಶದಿಂದ ಇಳಿದವು. ಎರ್ರಗುಡಿಯ ಶಾಸನದ ಭೇರಿಯ ಜಾಗಕ್ಕೆ ಉಪಗ್ರಹ ಬಂದಿತ್ತು, ಮಾತಿನ ದಿಕ್ಕು ಮಾತ್ರ ಮೇಲಿನಿಂದ ಕೆಳಕ್ಕೇ ಇತ್ತು. ಪೆಟ್ಟಿಗೆಯೊಳಗಿನವರಿಗೆ ಊರಿನ ಹೆಸರು ಗೊತ್ತಿರಲಿಲ್ಲ, ಗೌಡರ ಜಿಪುಣತನವನ್ನು ಆಡಿಕೊಳ್ಳಲು ಅವರಿಂದ ಆಗುತ್ತಿರಲಿಲ್ಲ.

ಕುಟುಂಬಕ್ಕೆ ಬುದ್ಧಿ ಹೇಳುವ ಕೆಲಸವನ್ನು ಟಿ.ವಿ. ಧಾರಾವಾಹಿಯೂ ಕೈಗೆತ್ತಿಕೊಂಡಿತು. 1984ರ ಜುಲೈನಲ್ಲಿ ದೂರದರ್ಶನದಲ್ಲಿ ಆರಂಭವಾದ 'ಹಮ್ ಲೋಗ್' 156 ಕಂತು ನಡೆಯಿತು. ಕುಡುಕ ತಂದೆ, ಎಲ್ಲವನ್ನೂ ಸಹಿಸುವ ತಾಯಿ ಭಾಗವಂತಿ, ತಮ್ಮ ದಾರಿ ಹುಡುಕುವ ಮಕ್ಕಳು. ಹೆಣ್ಣಿನ ಸ್ಥಿತಿ ಸುಧಾರಿಸಬೇಕು ಎಂಬುದು ಅದರ ಉದ್ದೇಶಗಳಲ್ಲೊಂದು. ಆದರೆ ಪ್ರೇಕ್ಷಕರ ಪ್ರತಿಕ್ರಿಯೆಯನ್ನು ಅಧ್ಯಯನ ಮಾಡಿದವರಿಗೆ ಕಂಡದ್ದು ಬೇರೆ. ಹೀಗಿರಬಾರದು ಎಂದು ತೋರಿಸಲು ರೂಪಿಸಿದ ಭಾಗವಂತಿಯನ್ನೇ ಆದರ್ಶ ಗೃಹಿಣಿ ಎಂದು ಮೆಚ್ಚಿದವರು ಬಹಳ ಮಂದಿ. ನೀತಿಪಾಠವನ್ನು ಕೇಳಿಸಿಕೊಂಡವರು ತಮಗೆ ಮೊದಲೇ ಗೊತ್ತಿದ್ದ ನೀತಿಯನ್ನೇ ಅದರಿಂದ ಎತ್ತಿಕೊಂಡರು.

ಕನ್ನಡ ಟಿ.ವಿ. ನಗೆಯ ದಾರಿ ಹಿಡಿದಾಗ ಕಥೆ ಬೇರೆಯಾಯಿತು. 1980ರ ದಶಕದಲ್ಲಿ ದೂರದರ್ಶನದ 'ಸಿಹಿ ಕಹಿ' ಸಂಸಾರದ ಸಣ್ಣಪುಟ್ಟ ಕಿತ್ತಾಟವನ್ನೇ ನಗೆಯಾಗಿಸಿತು. ಅದರ ಕಲಾವಿದರಾದ ಚಂದ್ರು ಮತ್ತು ಗೀತಾ ಇಂದಿಗೂ ಆ ಧಾರಾವಾಹಿಯ ಹೆಸರಿನಿಂದಲೇ ಪರಿಚಿತರು. ಮುಂದೆ ಈಟಿವಿ ಕನ್ನಡದಲ್ಲಿ ಬಂದ 'ಪಾಪ ಪಾಂಡು' ಹೆಂಡತಿಯ ಕೈಗೆ ಸಿಕ್ಕಿ ನಲುಗುವ ಗಂಡನನ್ನು ಮನೆಮಾತಾಗಿಸಿತು. ಪಾಂಡುವಿನ ಪಾಡು ನೋಡಿ ನಕ್ಕ ಉತ್ತರ ಕರ್ನಾಟಕದ ಅಜ್ಜಿಯರಿಗೆ ಕಿಳ್ಳೇಕ್ಯಾತ ನೆನಪಾಗಿರದೆ ಇರಲಾರ.

ಅಮೆರಿಕದಲ್ಲೂ ಅದೇ ಜಗಳ

ಇನ್ನು ಅಮೆರಿಕದ ಚಿತ್ರದ ಸಂಸಾರಗಳತ್ತ ಬರೋಣ. 1960ರ ಸೆಪ್ಟೆಂಬರ್ 30ರಂದು ಎ.ಬಿ.ಸಿ. ವಾಹಿನಿಯಲ್ಲಿ ಆರಂಭವಾದ 'ದಿ ಫ್ಲಿಂಟ್‌ಸ್ಟೋನ್ಸ್' ದೊಡ್ಡವರೂ ಕೂತು ನೋಡುವ ರಾತ್ರಿಯ ವೇಳೆಗೆ ಬಂದ ಮೊದಲ ವ್ಯಂಗ್ಯಚಿತ್ರ ಕುಟುಂಬ. ಶಿಲಾಯುಗದಲ್ಲಿ ಬದುಕುವ ಫ್ರೆಡ್ ಕೂಗಾಡುತ್ತಾನೆ, ಹೆಂಡತಿ ವಿಲ್ಮಾ ಅವನನ್ನು ಸಂಭಾಳಿಸುತ್ತಾಳೆ. 1966ರವರೆಗೆ 166 ಕಂತು ಬಂದ ಇದು, ನಟರೇ ಅಭಿನಯಿಸಿದ 'ದಿ ಹನಿಮೂನರ್ಸ್' ಎಂಬ ಹಾಸ್ಯ ಧಾರಾವಾಹಿಯ ಜಾಡಿನಲ್ಲಿ ರೂಪುಗೊಂಡಿತ್ತು.

1989ರ ಡಿಸೆಂಬರ್ 17ರಂದು 'ದಿ ಸಿಂಪ್ಸನ್ಸ್' ಪೂರ್ಣ ಧಾರಾವಾಹಿಯಾಗಿ ಬಂತು. ಅದನ್ನು ಸೃಷ್ಟಿಸಿದ ಮ್ಯಾಟ್ ಗ್ರೇನಿಂಗ್ ತಮ್ಮ ತಂದೆ ಹೋಮರ್, ತಾಯಿ ಮಾರ್ಗರೆಟ್, ತಂಗಿಯರಾದ ಲೀಸಾ, ಮ್ಯಾಗಿ ಅವರ ಹೆಸರನ್ನೇ ಪಾತ್ರಗಳಿಗೆ ಇಟ್ಟರು. ಮಗ ಬಾರ್ಟ್‌ಗೆ ಮಾತ್ರ ಬೇರೆ ಹೆಸರು. ಅಪ್ಪ ಯೋಚಿಸದೆ ಕೂಗುತ್ತಾನೆ. ಅಮ್ಮ ಮಾತಿಗಿಂತ ಹೆಚ್ಚಾಗಿ ಗಂಟಲಿನೊಳಗೇ ಗೊಣಗಿ ತನ್ನ ಅಸಮಾಧಾನ ತಿಳಿಸುತ್ತಾಳೆ. ಮಗ ಪ್ರತಿ ಮಾತಿಗೂ ಎದುರಾಡುತ್ತಾನೆ. ಮಗಳು ಲೀಸಾ ತರ್ಕ ಹೇಳುತ್ತಾಳೆ, ಯಾರೂ ಕೇಳುವುದಿಲ್ಲ. ಕೂಸು ಮ್ಯಾಗಿ ಬಾಯಲ್ಲಿ ಚೀಪುವ ಬಿರಡೆ ಇಟ್ಟುಕೊಂಡು ಸುಮ್ಮನೆ ನೋಡುತ್ತದೆ. ಮನೆಯಲ್ಲಿ ವಿವೇಕ ಹೆಚ್ಚಿದಷ್ಟೂ ದನಿ ಕಡಿಮೆ ಎಂಬ ಲೆಕ್ಕ ಇಲ್ಲಿದೆ. ಬಂಗಾರಕ್ಕ ಈ ಲೆಕ್ಕಕ್ಕೆ ಒಗ್ಗುವವಳಲ್ಲ, ಅವಳಲ್ಲಿ ವಿವೇಕವೂ ದನಿಯೂ ಒಟ್ಟಿಗೆ ಇವೆ.

ಪ್ರತಿ ಕಂತಿನ ಆರಂಭದಲ್ಲಿ ಆ ಕುಟುಂಬ ಓಡಿಬಂದು ಸೋಫಾದ ಮೇಲೆ ಕೂತು ಟಿ.ವಿ. ನೋಡುತ್ತದೆ. ಇತ್ತ ನೋಡುವ ಮನೆಯೂ ಹಾಗೆಯೇ ಕೂತಿರುತ್ತದೆ. ಬಾರ್ಟ್‌ನ ವಯಸ್ಸು ಮೂರು ದಶಕ ಕಳೆದರೂ ಹತ್ತು ದಾಟಿಲ್ಲ. ಕಿಳ್ಳೇಕ್ಯಾತನಿಗೂ ವಯಸ್ಸಾಗುವುದಿಲ್ಲ. ನಟನಿಗೆ ಮುಪ್ಪು ಬರುತ್ತದೆ, ಮರ್ಯಾದೆ ಇರುತ್ತದೆ, ನಾಳೆ ಊರಿನಲ್ಲಿ ತಲೆಯೆತ್ತಿ ನಡೆಯಬೇಕಾಗಿರುತ್ತದೆ. ಬರೆದ ಚಿತ್ರಕ್ಕೆ ಇವು ಯಾವುವೂ ಇಲ್ಲ. ಆದ್ದರಿಂದಲೇ ಮನೆಯ ಗುಟ್ಟನ್ನು ಬೀದಿಗೆ ತರುವ ಕೆಲಸವನ್ನು ಜನ ಚಿತ್ರಗಳಿಗೆ ಒಪ್ಪಿಸಿದ್ದಾರೆ.

ರಾಜನಿಗೂ ಚಿತ್ರದ ಮನೆಗೂ ನೇರ ಮುಖಾಮುಖಿಯಾದ ಪ್ರಸಂಗವೂ ಒಂದಿದೆ. 1992ರ ಜನವರಿ 27ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್, ಧಾರ್ಮಿಕ ಪ್ರಸಾರಕರ ಸಭೆಯಲ್ಲಿ, ನಮ್ಮ ಕುಟುಂಬಗಳು ಸಿಂಪ್ಸನ್ ಮನೆಯಂತಲ್ಲ, ವಾಲ್ಟನ್ ಮನೆಯಂತಾಗಬೇಕು ಎಂಬ ಅರ್ಥದ ಮಾತಾಡಿದರು. 'ದಿ ವಾಲ್ಟನ್ಸ್' 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಒಗ್ಗಟ್ಟಾಗಿ ಬಾಳಿದ ಹಳ್ಳಿಯ ಕುಟುಂಬವೊಂದರ ಧಾರಾವಾಹಿ. ಮೂರೇ ದಿನದಲ್ಲಿ ಚಿತ್ರದ ಮನೆ ಉತ್ತರ ಕೊಟ್ಟಿತು. ಅಧ್ಯಕ್ಷರ ಭಾಷಣವನ್ನು ಟಿ.ವಿ.ಯಲ್ಲಿ ನೋಡುವ ಬಾರ್ಟ್, ತಾವೂ ವಾಲ್ಟನ್ ಮನೆಯವರಂತೆಯೇ, ಆರ್ಥಿಕ ಕುಸಿತ ಮುಗಿಯಲೆಂದು ತಾವೂ ಪ್ರಾರ್ಥಿಸುತ್ತಿರುವುದಾಗಿ ಹೇಳಿದ. ದೇಶ ಆಗ ಹಿಂಜರಿತದಿಂದ ಬಳಲುತ್ತಿತ್ತು. ನೀತಿಯ ಮಾತನ್ನು ಅನ್ನದ ಮಾತಿಗೆ ತಂದು ನಿಲ್ಲಿಸುವ ಈ ಉಪಾಯ ಬಂಗಾರಕ್ಕನಿಗೆ ಚೆನ್ನಾಗಿ ಗೊತ್ತಿರುವಂಥದ್ದೇ.

ಅಂಟಿಕೊಂಡ ಹೆಸರು

ನಗೆಗೆ ಬೆಲೆ ತೆತ್ತವರ ವಿಷಯ ಹೇಳದಿದ್ದರೆ ಈ ಕಥೆ ಅರ್ಧವಾಗುತ್ತದೆ. 'ಸಿಹಿ ಕಹಿ' ಎಂಬ ಹೆಸರು ಅದರ ಕಲಾವಿದರಿಗೆ ಗೌರವ ತಂದಿತು. ಕಿಳ್ಳೇಕ್ಯಾತ ಎಂಬ ಹೆಸರು ಹಾಗೆ ಮಾಡಲಿಲ್ಲ. ಪರದೆಯ ಮೇಲಿನ ಕಪ್ಪು, ಕುರೂಪಿ ವಿದೂಷಕನ ಹೆಸರನ್ನು ಊರಿನವರು ಅವನನ್ನು ಆಡಿಸುವವರಿಗೇ ಇಟ್ಟರು. ಅದೇ ಜಾತಿಯ ಹೆಸರಾಯಿತು. ಬ್ರಿಟಿಷರ ಕಾಲದ ಜಾತಿಗಳ ದಾಖಲೆಗಳಲ್ಲೂ ಅದು ಹಾಗೆಯೇ ಸೇರಿತು. ಕಟಬು ಎಂಬ ಹೆಸರೂ ಈ ಸಮುದಾಯಕ್ಕಿದೆ. ಶಿಳ್ಳೇಕ್ಯಾತ, ಸಿಳ್ಳೇಕ್ಯಾತ ಎಂಬ ರೂಪಗಳೂ ಬಳಕೆಯಲ್ಲಿವೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಸಿಳ್ಳೇಕ್ಯಾತ ಎಂಬ ಹೆಸರಿದೆ.

ಇಡೀ ಊರನ್ನು ನಗಿಸಿದವರು ಬೆಳಗಾದರೆ ಊರ ಹೊರಗಿನ ಗುಡಾರಕ್ಕೆ ಮರಳಬೇಕಿತ್ತು. ರಾತ್ರಿ ರಾಮನಿಗೆ ದನಿಯಾದವನು ಹಗಲು ನಗೆಪಾಟಲಿನ ಹೆಸರಿನಿಂದ ಕರೆಸಿಕೊಂಡ. ಹೊಳೆಯಲ್ಲಿ ಮೀನು ಹಿಡಿಯುವುದು ಅವರ ಇನ್ನೊಂದು ಕಸುಬು. ಆಟಕ್ಕೆ ಕರೆ ಕಡಿಮೆಯಾದಂತೆ ಎಷ್ಟೋ ಕುಟುಂಬಗಳಿಗೆ ಅದೇ ಮುಖ್ಯ ಜೀವನವಾಯಿತು.

ಇದಕ್ಕೂ ದೂರದ ಅಮೆರಿಕದಲ್ಲಿ ಒಂದು ಸಾಟಿ ಇದೆ. 'ದಿ ಸಿಂಪ್ಸನ್ಸ್'ನಲ್ಲಿ ಅಪು ಎಂಬ ಭಾರತೀಯ ಅಂಗಡಿಕಾರನ ಪಾತ್ರವಿದೆ. ಅವನಿಗೆ ಬಹುಕಾಲ ದನಿ ಕೊಟ್ಟವರು ಭಾರತೀಯರಲ್ಲ, ಹ್ಯಾಂಕ್ ಅಜೇರಿಯಾ ಎಂಬ ನಟ. ಅಲ್ಲಿ ಬೆಳೆದ ಭಾರತೀಯ ಮೂಲದ ಮಕ್ಕಳನ್ನು ಶಾಲೆಗಳಲ್ಲಿ ಅದೇ ಹೆಸರಿನಿಂದ, ಅದೇ ಉಚ್ಚಾರಣೆಯಿಂದ ಗೇಲಿ ಮಾಡಲಾಗುತ್ತಿತ್ತು. ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಇದರ ಬಗ್ಗೆ ಸಾಕ್ಷ್ಯಚಿತ್ರವನ್ನೇ ಮಾಡಿದರು. 2020ರಲ್ಲಿ ಅಜೇರಿಯಾ ಆ ಪಾತ್ರಕ್ಕೆ ದನಿ ಕೊಡುವುದನ್ನು ನಿಲ್ಲಿಸುವುದಾಗಿ ತಿಳಿಸಿದರು. ಚಿತ್ರಕ್ಕೆ ನೋವಾಗುವುದಿಲ್ಲ ಎಂಬುದು ನಿಜ. ಚಿತ್ರದ ಹೆಸರು ಅಂಟಿದವರಿಗೆ ನೋವಾಗುತ್ತದೆ. ಅಮೆರಿಕದಲ್ಲಿ ನಮ್ಮ ಮಕ್ಕಳಿಗಾದ ಗೇಲಿಯನ್ನು ಖಂಡಿಸುವ ನಾವು, ನಮ್ಮದೇ ಊರಿನಲ್ಲಿ ಕಿಳ್ಳೇಕ್ಯಾತ ಎಂಬುದನ್ನು ಬೈಗುಳವಾಗಿ ಬಳಸಿದ್ದನ್ನೂ ನೆನೆಯಬೇಕು.

ಈಗ ಗೊಂಬೆಯಾಟ ಬೇರೆ ಹಾದಿಗಳನ್ನು ಹಿಡಿದಿದೆ. ಬಳ್ಳಾರಿಯ ನಾಡೋಜ ಬೆಳಗಲ್ಲು ವೀರಣ್ಣ ಗಾಂಧೀಜಿಯ ಬದುಕನ್ನು, ಸ್ವಾತಂತ್ರ್ಯ ಹೋರಾಟವನ್ನು ತೊಗಲು ಗೊಂಬೆಗೆ ತಂದರು. ಅವರು 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಬಾಲ್ಯದಿಂದಲೇ ಪರದೆಯ ಹಿಂದೆ ಕೂತವರು. ವಿದೇಶಗಳಲ್ಲೂ ಆಟ ತೋರಿಸಿದ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು, ಆಗ ಅವರಿಗೆ 96 ವರ್ಷ. ಬಟ್ಟೆಯ ಹಿಂದಿನಿಂದ ಕೇಳುತ್ತಿದ್ದ ಹೆಣ್ಣಿನ ದನಿಗೆ ಮುಖವಿದೆ ಎಂಬುದನ್ನು ದೇಶ ಗುರುತಿಸಲು ಇಷ್ಟು ಕಾಲ ಬೇಕಾಯಿತು. ಯಾವ ಹೆಸರನ್ನು ಹೀಯಾಳಿಕೆಗೆ ಬಳಸಲಾಗಿತ್ತೋ ಆ ಹೆಸರೇ ಪ್ರಶಸ್ತಿಯ ಪಟ್ಟಿಯಲ್ಲಿ ಅಚ್ಚಾಯಿತು.

ಮಸ್ಕಿಯ ಬಂಡೆಗೆ ಸಂರಕ್ಷಣೆ ದೊರೆತಿದೆ, ಪ್ರವಾಸಿಗರೂ ಶಾಲೆಯ ಮಕ್ಕಳೂ ಬಂದು ನೋಡುತ್ತಾರೆ. ಅದು ಆಗಬೇಕಾದದ್ದೇ. ಆದರೆ ಕುಟುಂಬದ ಇತಿಹಾಸ ಬರೆಯುವವರಿಗೆ ಅಪ್ಪಣೆಯ ಕಲ್ಲಿನಷ್ಟೇ ಉತ್ತರದ ತೊಗಲೂ ಮುಖ್ಯ. ಕಲ್ಲು ಎರಡು ಸಾವಿರ ವರ್ಷ ತಾನಾಗಿ ಉಳಿಯುತ್ತದೆ. ತೊಗಲು ಹಾಗಲ್ಲ. ಅದನ್ನು ಬಿಚ್ಚಬೇಕು, ಒರೆಸಬೇಕು, ದೀಪದ ಮುಂದೆ ಹಿಡಿದು ಆಡಿಸಬೇಕು, ಒಂದು ಮನೆಯವರು ಕೂಡಿ ಕೂತು ಅದಕ್ಕೆ ದನಿ ಕೊಡಬೇಕು. ಆ ಮನೆಯ ಮಕ್ಕಳು ಆಟ ಕಲಿತು, ಅದರಿಂದ ಮರ್ಯಾದೆಯಾಗಿ ಬದುಕುವಂತಾದರೆ ಮಾತ್ರ ಬಂಗಾರಕ್ಕ ಇನ್ನೂ ಒಂದಷ್ಟು ಕಾಲ ಮಾತಾಡಿಯಾಳು.